ತೊಂಬತ್ನಾಲ್ಕು ಸುತ್ತು

ನನ್ನ ಭಾವ ಹಲ್ಲಿನ ಡಾಕ್ಟರು. ವಾರದಲ್ಲಿ ಆರು ದಿನ ಜನರ ಬಾಯಿ ತೆರೆಸುತ್ತಾರೆ. ಭಾನುವಾರ ಬೆಳಿಗ್ಗೆ ಅದೇ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ, ಏಳೆಂಟು ಮಂದಿಯ ಬಾಯಿ ಮುಚ್ಚಿಸಿ ಜಾಜ್ ಕೇಳಿಸುತ್ತಾರೆ. ಸರದಿಯಂತೆ ಒಬ್ಬೊಬ್ಬರು ತಮ್ಮ ಮೆಚ್ಚಿನ ರೆಕಾರ್ಡು ತರಬೇಕು. ಕೇಳಿದ ಮೇಲೆ ಭಾವ ತೀರ್ಪು ಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿಸಿ ಮುರುಗಿಸಿ ಹೇಳಿ ಮನೆಗೆ ಹೋಗುತ್ತಾರೆ. ಒಮ್ಮೆ ಹಾಕಿದ ರೆಕಾರ್ಡನ್ನು ಮತ್ತೆಂದೂ ಹಾಕುವಂತಿಲ್ಲ ಎಂಬುದು ಭಾವ ಮಾಡಿದ ಕಾನೂನು. ಹೂಂಗುಟ್ಟುವವರ ಈ ಸಂಘದಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿದ್ದು ಅಕ್ಕನ ದೆಸೆಯಿಂದ.

ಒಂದು ಸಲ ಸ್ಪೀಕರು ಗುಂಯ್‌ಗುಡತೊಡಗಿತು. ಮುಂದಿನ ಬೀದಿಯ ಮಿಕ್ಸಿ ರಿಪೇರಿಯವನನ್ನು ಕರೆಸಿದರು. ಮೆಟ್ಟಿಲ ಕೆಳಗೆ ಒಂದು ಸ್ಟೂಲು ಹಿಡಿಸುವಷ್ಟು ಅಂಗಡಿ ಅವನದು. ಮಿಕ್ಸಿಗಳ ಮೇಲೆ ಗಿರಾಕಿಗಳ ಹೆಸರು ಬರೆದ ಟೇಪು ಅಂಟಿಸಿಟ್ಟಿರುತ್ತಾನೆ. ಐವತ್ತು ದಾಟಿದ ಮನುಷ್ಯ. ಸ್ಪೀಕರು ಸರಿಮಾಡಿ ಹೊರಡುವ ಬದಲು ಚಪ್ಪಲಿ ಬಿಡುವ ಬೆಂಚಿನ ಮೇಲೆ ಕೂತು ಕೇಳಿದ. ಮುಂದಿನ ವಾರವೂ ಬಂದ. ನಮ್ಮ ರಸಿಕರು ಅವನಿಗೆ 'ಮಿಕ್ಸಿ' ಎಂದೇ ಹೆಸರಿಟ್ಟರು. ಆರು ತಿಂಗಳಾದರೂ ಬೆಂಚಿನಿಂದ ಕುರ್ಚಿಗೆ ಬಾ ಎಂದು ಯಾರೂ ಕರೆಯಲಿಲ್ಲ.

ಅವನ ಅಪ್ಪ ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಟ್ರಂಪೆಟ್ ಊದಿದವರು. ಮನೆಯಲ್ಲಿ ಅಕ್ಕಪಕ್ಕದವರ ಕಾಟಕ್ಕೆ ಟ್ರಂಪೆಟ್ಟಿನ ಬಾಯಿಗೆ ಟವೆಲು ತುರುಕಿ ಅಭ್ಯಾಸ ಮಾಡುತ್ತಿದ್ದರಂತೆ. ಒಂದು ಹಾಡಿನ ಕೊನೆಗೆ ತೀರಾ ಮೇಲಿನ ಸ್ವರವೊಂದಿತ್ತು. ಹತ್ತು ಸಲದಲ್ಲಿ ಒಂಬತ್ತು ಸಲ ಅದು ಜಾರುತ್ತಿತ್ತು, ಒಳಗಿನಿಂದ ಅಮ್ಮ "ಇವತ್ತೂ ಹೋಯ್ತು" ಅನ್ನುತ್ತಿದ್ದರು. ಹೋಟೆಲಿನವರು ಅತಿಥಿಗಳಿಗೆ ಹಂಚಲೆಂದು ಬ್ಯಾಂಡಿನ ರೆಕಾರ್ಡು ಮಾಡಿಸಿದ ದಿನ ಅಪ್ಪ ಆ ಸ್ವರವನ್ನು ಮುಟ್ಟಿದರು. ಮರುವರ್ಷ ಮುಂದಿನ ಹಲ್ಲು ಬಿದ್ದವು, ಊದುವುದು ಅಲ್ಲಿಗೆ ನಿಂತಿತು. ಆ ಸ್ವರವನ್ನು ತಿಳಿದವರ ಮುಂದೆ ಒಂದು ಸಲ ಕೇಳಿಸಬೇಕು ಎಂಬುದು ಮಗನ ಆಸೆ. ತಿಳಿದವರು ಎಂದರೆ, ಪಾಪ, ಅವನ ಲೆಕ್ಕದಲ್ಲಿ ನಾವು.

ಕೊನೆಗೂ ಭಾವ ಅವನಿಗೂ ಒಂದು ಸರದಿ ಕೊಟ್ಟರು. ರೆಕಾರ್ಡು ತಿರುಗಿತು. ಅವನು ಬೆಂಚಿನ ತುದಿಗೆ ಬಂದು ಕೂತ. ಕೊನೆಯ ಸ್ವರ ಬಂದಾಗ ಅವನ ಮುಖ ಹುಳ್ಳಗಾಯಿತು.

"ಡಾಕ್ಟ್ರೇ, ಇದಲ್ಲ ಅದು. ಅಪ್ಪ ಇದಕ್ಕಿಂತ ಮೇಲೆ ಹೋಗಿದ್ರು. ನಿಮ್ಮ ಪ್ಲೇಯರ್ ನಿಧಾನ ಓಡ್ತಿದೆ, ಅದಕ್ಕೇ ಸ್ವರ ಇಳಿದಿದೆ."

ಬೇರೆಯವರ ರೆಕಾರ್ಡುಗಳು ಅವನಿಗೆ ಹೊಸವು, ಹಾಗಾಗಿ ಅಷ್ಟು ದಿನ ಗೊತ್ತಾಗಿರಲಿಲ್ಲ. ಇದು ಮಾತ್ರ ಕಂಠಪಾಠ. ರೆಕಾರ್ಡಿನ ಅಂಚಿಗೆ ಚೂರು ಪ್ಲಾಸ್ಟರ್ ಅಂಟಿಸಿ, ಗಡಿಯಾರ ನೋಡುತ್ತ ಮೂರು ನಿಮಿಷ ಸುತ್ತು ಎಣಿಸಿದ. "ನೂರು ಬರ್ಬೇಕು. ತೊಂಬತ್ನಾಲ್ಕು ಬಂತು."

ಎಲ್ಲರೂ ಭಾವನ ಮುಖ ನೋಡಿದರು. ಹನ್ನೊಂದು ವರ್ಷದಿಂದ ಭಾವ ಆ ನಿಧಾನವನ್ನೇ ಹೊಗಳಿಕೊಂಡು ಬಂದಿದ್ದರು. 'ಎಳೆತದಲ್ಲಿ ಅಡಗಿದ ನೋವು' ಎಂದು ನಲವತ್ತು ಪುಟದ ಪುಸ್ತಿಕೆಯನ್ನೂ ಅಚ್ಚು ಹಾಕಿಸಿದ್ದರು. ಆ ನೋವು ಪ್ಲೇಯರಿನ ಸಡಿಲಾದ ಬೆಲ್ಟಿನದು ಎಂದು ನನಗೆ ಏಳು ವರ್ಷದಿಂದ ಗೊತ್ತು. ಅದೇ ರೆಕಾರ್ಡುಗಳು ನನ್ನ ಮನೆಯಲ್ಲೂ ಇವೆ. ಪಕ್ಕದ ಕುರ್ಚಿಯಲ್ಲಿ ಕೂರುವ ಆಡಿಟರ ಮನೆಯಲ್ಲೂ ಇವೆ. ಆದರೆ ಬಾಯಿ ಬಿಟ್ಟವರು ಯಾರು?

"ಸಂಗೀತಾನ ಎಣಿಸ್ಕೊಂಡು ಕೇಳೋರು ಇಲ್ಲಿ ಯಾರೂ ಇಲ್ಲಪ್ಪ," ಎಂದರು ಭಾವ. "ನಿಮ್ಮಪ್ಪ ಊದಿರೋದು ಚೆನ್ನಾಗೇ ಇದೆ. ಊಟ ಮಾಡೋರಿಗೆ ಸಾಕು. ಅಂದ ಹಾಗೆ, ಹಲ್ಲು ಯಾರಿಗೆ ತೋರಿಸಿದ್ರು?"

ಆಡಿಟರು ಹಲ್ಲು ಕಿರಿದರು. ನಾನೂ ಕಿರಿದೆ. ಅವನು ರೆಕಾರ್ಡನ್ನು ಕವರಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಬುಧವಾರ ಭಾವ ನನ್ನನ್ನು ಒಳಗೆ ಕರೆದರು. "ಆ ಮಿಕ್ಸಿನ ಕರ್ಕೊಂಡು ಬಂದು ಬೆಲ್ಟ್ ಹಾಕಿಸು. ಯಾರಿಗೂ ಗೊತ್ತಾಗ್ಬಾರ್ದು."

ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿದ್ದಾಗ ಅವನು ಬಂದ. ಇನ್ನೊಬ್ಬನಾಗಿದ್ದರೆ ನನ್ನ ಮುಖಕ್ಕೆ ಉಗಿಯುತ್ತಿದ್ದ. ಇವನು ಹೊಸ ಬೆಲ್ಟು ಹಾಕಿ, ಮೋಟಾರಿಗೆ ಎಣ್ಣೆ ಬಿಟ್ಟು, ಸುತ್ತು ಎಣಿಸಿ, ಚೀಲದಿಂದ ರೆಕಾರ್ಡು ತೆಗೆದ. "ಒಂದ್ಸಲ ಕೇಳಿ ಸಾರ್."

ಕೇಳಿದೆ. ಕೊನೆಯ ಸ್ವರ ಏರಿತು, ಅಳುಕದೆ ನಿಂತಿತು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನನ್ನ ಮೈ ಜುಮ್ಮೆಂದದ್ದು ಅದೊಂದೇ ಸಲ.

"ಮುಟ್ಟಿದ್ರಾ ಸಾರ್?"

"ಮುಟ್ಟಿದ್ರು."

"ಭಾನುವಾರ ಅವರಿಗೂ ಒಂದ್ಸಲ ಹಾಕ್ಸಿ." ರೆಕಾರ್ಡನ್ನು ನನ್ನ ಕೈಯಲ್ಲೇ ಬಿಟ್ಟು ಹೋದ.

ಭಾನುವಾರ ಅವನು ಬೆಂಚಿನ ಮೇಲಿದ್ದ. ಭಾವ ತಮ್ಮದೊಂದು ರೆಕಾರ್ಡು ಹಾಕಿ, "ಇವತ್ತು ಗಮನಿಸಿ, ಎಂಥಾ ಚುರುಕು," ಎಂದರು. ಎಳೆತದ ಭಕ್ತರೆಲ್ಲ ಚುರುಕಿನ ಭಕ್ತರಾದರು. ಯಂತ್ರ ಹೇಗೆ ಸರಿಹೋಯಿತೆಂದು ಒಬ್ಬರೂ ಕೇಳಲಿಲ್ಲ. ನಾನು ರೆಕಾರ್ಡು ಹೊರತೆಗೆದು, "ಭಾವ, ಇದನ್ನೊಂದ್ಸಲ," ಎಂದೆ.

"ಅದು ಆಗ್ಹೋಯ್ತಲ್ಲ. ಕಾನೂನು ಕಾನೂನೇ. ನೀನೂ ಹೋದ ವಾರ ಕೇಳಿದ್ಯಲ್ಲ, ವಿಶೇಷ ಏನಾದ್ರೂ ಇತ್ತಾ?"

ಬೆಂಚಿನಿಂದ ಅವನು ನನ್ನನ್ನೇ ನೋಡುತ್ತಿದ್ದ.

"ಅಂಥದ್ದೇನೂ ಇರ್ಲಿಲ್ಲ, ಭಾವ," ಎಂದೆ.