ಡಾಕ್ಟರಮ್ಮನ ದನಿಯಲ್ಲಿ ನಾನು ಆಡಿದ ಮಾತು

ಡಾಕ್ಟರಮ್ಮನ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಒಂದು ನೀಲಿ ಗೀಟು ಇರುತ್ತಿತ್ತು. ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಎಲ್ಲರೂ ಕಾಗದದ ಮೂಲೆಯಲ್ಲಿ ಗೀಚಿ ನೋಡಿದರೆ ಅವರು ಉಗುರಿನ ಮೇಲೆ ಗೀಚುತ್ತಿದ್ದರು. ಉಗಾದಿಗೆ ಹೋಳಿಗೆ ತಟ್ಟುವಾಗಲೂ ಆ ಗೀಟು ಅಲ್ಲೇ. ನನ್ನ ಹೆಂಡತಿ ಮುಖ ಸಿಂಡರಿಸಿದರೆ, ‘ಇದು ಹೋಗೂದಿಲ್ಲವ್ವಾ, ಮೂವತ್ತು ವರ್ಷದ್ದು’ ಎಂದು ಗಟ್ಟಿಯಾಗಿ ನಗುತ್ತಿದ್ದರು.

ಧಾರವಾಡದ ಕಡೆಯವರು. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಒಂದು ಬಡಬೀದಿಯಲ್ಲಿ, ಹಳೆಯ ಇಟ್ಟಿಗೆ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಒಬ್ಬರೇ ಜಿಪಿಯಾಗಿ, ಅಂದರೆ ಆ ಬಡಾವಣೆಯ ಡಾಕ್ಟರಾಗಿ, ಸರ್ಜರಿ ನಡೆಸುತ್ತಿದ್ದರು. ಸರ್ಜರಿ ಎಂದರೆ ಇಲ್ಲಿ ಶಸ್ತ್ರಚಿಕಿತ್ಸೆಯಲ್ಲ, ನಮ್ಮೂರ ಕ್ಲಿನಿಕ್ಕು. ನಮ್ಮ ಕಡೆಯ ಉಳಿದ ಡಾಕ್ಟರುಗಳೆಲ್ಲ ಡಿಡ್ಸ್‌ಬರಿಯ ಮರಗಳ ನೆರಳಿನಲ್ಲಿ ಮನೆ ಕೊಂಡು ದೊಡ್ಡ ಆಸ್ಪತ್ರೆಗಳಲ್ಲಿದ್ದರು. ಇವರು ಮಾತ್ರ ಕೆಮ್ಮುವ ಮುದುಕರನ್ನೂ ಕೈಗೂಸಿನ ತಾಯಂದಿರನ್ನೂ ಬಿಟ್ಟು ಅಲ್ಲಾಡಲಿಲ್ಲ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ.

ನಾನು ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆಂದು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನನ್ನ ಹೆಂಡತಿ ಬಸುರಿಯಾಗಿ, ನೀರು ಕುಡಿದರೂ ವಾಂತಿ ಮಾಡಿಕೊಳ್ಳುತ್ತಿದ್ದಾಗ, ಯಾರಿಂದಲೋ ಸುದ್ದಿ ತಿಳಿದು ತಾವೇ ಬಂದರು. ಗಂಡಸರ ರೇನ್‌ಕೋಟು, ಕೈಯಲ್ಲಿ ಜೀರಿಗೆ ಸಾರಿನ ಫ್ಲಾಸ್ಕು. ‘ನಿಮ್ಮ ಜಿಪಿ ನಾನಲ್ಲ. ಅದಕ್ಕ ಗುಳಿಗಿ ಕೊಡೂದಿಲ್ಲ, ಸಾರು ಕೊಡ್ತೀನಿ’ ಎಂದರು. ಅಂದಿನಿಂದ ನಾನು ಅವರಿಗೆ ‘ತಮ್ಮಾ’.

ಅವರ ಅಡುಗೆಮನೆಯ ಫ್ರಿಜ್ಜಿನ ಮೇಲೆ ಒಂದು ರೇಡಿಯೋ ಇತ್ತು. ರಾಜಕೀಯ ಮಾತಾಡುವ, ಕೇಳುಗರು ಫೋನ್ ಮಾಡುವ ಕಾರ್ಯಕ್ರಮಗಳೆಂದರೆ ಅವರಿಗೂ ನನಗೂ ಹುಚ್ಚು. ನನಗೆ ಕಾರಿನಲ್ಲಿ ಆಫೀಸಿಗೆ ಹೋಗುವಾಗ ಬೆಳಗಿನ ಒಬ್ಬ ನಿರೂಪಕ ಬೇಕೇ ಬೇಕು. ಆತ ಮಂತ್ರಿಗಳನ್ನು ಬೈಯುವ ಠೀವಿ, ಮಾತಿನ ನಡುವೆ ಕೊಡುವ ಬಿಡುವು, ಎಲ್ಲವನ್ನೂ ಕಲಿಯುತ್ತಿದ್ದೆ. ವಲಸಿಗರ ಬಗ್ಗೆ ಆತ ಕಿಡಿಕಾರಿದರೆ ಅದು ನನ್ನ ಬಗ್ಗೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅದು ಬೇರೆ ಯಾರ ಬಗೆಗೋ.

ಒಂದು ಶನಿವಾರ ಡಾಕ್ಟರಮ್ಮ ಹಳೆಯ ಲಕೋಟೆಯೊಂದನ್ನು ಬಿಡಿಸಿ, ನಟ್ಟನಡುವೆ ಗೆರೆ ಎಳೆದು ನನ್ನ ಮುಂದಿಟ್ಟರು. ಎಡಕ್ಕೆ ನನ್ನ ಮೆಚ್ಚಿನ ನಿರೂಪಕ ಹೇಳಿದ್ದು, ಬಲಕ್ಕೆ ಆತ ಹೋಗಿ ನೋಡಿದ್ದು. ರೋಗಿಗಳ ಟಿಪ್ಪಣಿಯನ್ನು ಅವರು ಬರೆಯುತ್ತಿದ್ದ ರೀತಿಯೇ ಅದು: ರೋಗಿ ಹೇಳಿದ್ದು ಒಂದು ಕಡೆ, ತಾವು ಕೈಯಿಟ್ಟು ನೋಡಿದ್ದು ಇನ್ನೊಂದು ಕಡೆ. ಒಂದು ತಾಸು ಕಾರ್ಯಕ್ರಮ ಕೇಳಿದೆವು. ಎಡಭಾಗ ತುಂಬಿತು.

‘ಬಲಗಡೆ ಏನರ ಬಂತೇನು?’ ಎಂದರು.

‘ಇಲ್ಲ. ಆದ್ರೆ ಅವನು ಪ್ರಶ್ನೆ ಕೇಳ್ತಾನೆ ಅಷ್ಟೇ ಅಲ್ವಾ, ಡಾಕ್ಟರಮ್ಮ?’

‘ಉತ್ತರ ಮೊದಲೇ ಜೇಬಿನ್ಯಾಗ ಇಟ್ಕೊಂಡು ಕೇಳೂದಕ್ಕ ಪ್ರಶ್ನೆ ಅನ್ನೂದಿಲ್ಲ ತಮ್ಮಾ.’

ಮತ್ತೊಂದು ಸ್ಟೇಷನ್ನಿನಲ್ಲಿ ನಮ್ಮಂಥವರನ್ನು ಸದಾ ಹೊಗಳುವ ನಿರೂಪಕನೊಬ್ಬನಿದ್ದ. ಅವನನ್ನಾದರೂ ಒಪ್ಪುತ್ತಾರೆಂದುಕೊಂಡೆ. ಅವನ ಹೆಸರಿನಲ್ಲೂ ಗೆರೆ ಎಳೆದರು. ‘ಇಂವಾ ನಮ್ಮನ್ನ ಹೊಗಳ್ತಾನಂತ ನಂಬಬ್ಯಾಡ. ಇಂವನೂ ಯಾರ ಮನೀಗೂ ಹೋಗಿ ನೋಡಿಲ್ಲ’ ಎಂದರು. ನಾನು ನಕ್ಕುಬಿಟ್ಟೆ. ವಯಸ್ಸಾದವರ ಚಾಳಿ ಎಂದುಕೊಂಡೆ.

ಈಗ ನನ್ನ ಚಾಳಿಯನ್ನೂ ಹೇಳಬೇಕು. ನಾನು ಮಿಮಿಕ್ರಿ ಮಾಡುತ್ತಿದ್ದೆ. ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ನಡೆಯುವ ಉಗಾದಿ ಕೂಟದಲ್ಲಿ, ಊಟಕ್ಕೆ ಮುಂಚೆ ನನ್ನ ಹತ್ತು ನಿಮಿಷ ಇದ್ದೇ ಇರುತ್ತಿತ್ತು. ಮಂಗಳೂರಿನವರು, ಮೈಸೂರಿನವರು, ಯಾರನ್ನೂ ಬಿಡುತ್ತಿರಲಿಲ್ಲ. ‘ನಂದೂ ಒಂದು ಮಾಡೋ’ ಎಂದು ಡಾಕ್ಟರಮ್ಮನೇ ಕೇಳಿ, ಅದಕ್ಕೊಂದು ಕಥೆಯನ್ನೂ ಕೊಟ್ಟಿದ್ದರು. ಈ ದೇಶದಲ್ಲಿ ಅವರ ಮೊದಲ ಚಳಿಗಾಲ. ಒಬ್ಬ ಮುದುಕನಿಗೆ ಗುಳಿಗೆ ತೆಗೆದುಕೊಳ್ಳುವ ಬಗೆಯನ್ನು ಹತ್ತು ನಿಮಿಷ ವಿವರಿಸಿದರಂತೆ. ಆತ ಎಲ್ಲದಕ್ಕೂ ತಲೆಯಾಡಿಸಿ, ಹೊರಗೆ ಹೋಗಿ, ‘ಹುಡುಗಿ ಒಳ್ಳೆಯವಳು, ಏನು ಹೇಳಿದಳು?’ ಎಂದು ರಿಸೆಪ್ಷನಿಸ್ಟಳನ್ನು ಕೇಳಿದನಂತೆ. ಡಾಕ್ಟರಮ್ಮ ಅಂದಿನಿಂದ ಆರು ತಿಂಗಳು ಆ ರಿಸೆಪ್ಷನಿಸ್ಟಳ ಮನೆಗೆ ಹೋಗಿ, ಆಕೆಯ ತಾಯಿಯ ಜೊತೆ ಕೂತು, ಆ ಬೀದಿಯ ಇಂಗ್ಲಿಷನ್ನು ಕಲಿತರು. ಕಥೆ ಇಷ್ಟು. ನಾನು ಅವರ ದನಿಯಲ್ಲಿ ಇದನ್ನು ಮಾಡಿದಾಗ ಹಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಕೆಲವು ವರ್ಷ ಕಳೆದವು. ಒಂದು ಬೆಳಿಗ್ಗೆ ನನ್ನ ಮೆಚ್ಚಿನ ನಿರೂಪಕ, ಹೊರದೇಶದ ಡಾಕ್ಟರುಗಳ ಇಂಗ್ಲಿಷ್ ರೋಗಿಗಳಿಗೆ ಅರ್ಥವಾಗುತ್ತದೆಯೇ ಎಂಬ ವಿಷಯ ಎತ್ತಿಕೊಂಡ. ನಾನು ಆಫೀಸಿನ ಕಾರ್ ಪಾರ್ಕಿನಿಂದ ಫೋನ್ ಮಾಡಿದೆ. ನಮ್ಮವರ ಪರವಾಗಿ ಮಾತಾಡಬೇಕೆಂದೇ ಮಾಡಿದೆ, ಇದು ಸತ್ಯ. ಆತ ಮೊದಲು ನನ್ನ ಇಂಗ್ಲಿಷನ್ನು ಹೊಗಳಿದ. ‘ನಿಮ್ಮಂಥವರ ಬಗ್ಗೆ ನಾನು ಮಾತಾಡುತ್ತಲೇ ಇಲ್ಲ’ ಎಂದ. ನಾನು ಉಬ್ಬಿಹೋದೆ. ‘ನೀವು ಪ್ರಾಮಾಣಿಕ ಮನುಷ್ಯ. ನಿಮ್ಮವರೇ ಆದ ಡಾಕ್ಟರ ಮಾತು ರೋಗಿಗಳಿಗೆ ತಿಳಿಯದೇ ಹೋದದ್ದು ಒಮ್ಮೆಯೂ ಇಲ್ಲವೇ?’ ಎಂದು ಕೇಳಿದ. ನಮ್ಮ ರಾಜ್ಯದವರೇ ಒಬ್ಬ ಲೇಡಿ ಡಾಕ್ಟರು, ಸ್ಟಾಕ್‌ಪೋರ್ಟಿನವರು, ಎಂದು ಆ ಗುಳಿಗೆಯ ಕಥೆ ಶುರು ಮಾಡಿದೆ. ‘ಹೇಗೆ ಮಾತಾಡಿದರು, ಮಾಡಿ ತೋರಿಸಿ’ ಎಂದ.

ಮಾಡಿ ತೋರಿಸಿದೆ. ಆ ದನಿ, ಆ ಎಳೆತ, ಆ ನಗು. ಆತ ಉಸಿರು ಕಟ್ಟುವಷ್ಟು ನಕ್ಕ. ‘ಕೇಳಿದಿರಾ, ಹೇಳುತ್ತಿರುವುದು ಅವರದೇ ಜನ, ನಾನಲ್ಲ’ ಎಂದು ಹೇಳಿ ಟ್ರಾಫಿಕ್ ಸುದ್ದಿಗೆ ಹೋದ. ಕಥೆಯ ಉಳಿದರ್ಧ, ಅವರು ಆರು ತಿಂಗಳು ಕೂತು ಆ ಬೀದಿಯ ಇಂಗ್ಲಿಷ್ ಕಲಿತದ್ದು, ನನ್ನ ಬಾಯಲ್ಲೇ ಉಳಿಯಿತು. ಆತ ಹೇಳಲು ಬಿಡಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಮೊದಲು ನಗು ಬರಲಿ ಎಂದು ಆ ಅರ್ಧವನ್ನು ಹಿಂದಕ್ಕಿಟ್ಟವನು ನಾನೇ. ಅದು ಮೂವತ್ತು ವರ್ಷದ ಹಿಂದಿನದು ಎಂಬುದನ್ನೂ ಹೇಳಿರಲಿಲ್ಲ.

ಆ ತುಣುಕನ್ನು ಆತ ವಾರವಿಡೀ ಹಾಕಿದ. ಡಾಕ್ಟರಮ್ಮನನ್ನು ನೋಡಿಬಂದ ನನ್ನ ಹೆಂಡತಿ ಸುದ್ದಿ ತಂದಳು. ಯಾರೋ ಒಬ್ಬ ಯುವಕ ರಿಸೆಪ್ಷನ್ ಕಿಟಕಿಯ ಮುಂದೆ ನಿಂತು, ರೇಡಿಯೋದಲ್ಲಿ ಬಂದ ಹಾಗೇ ಆ ದನಿ ತೆಗೆದು ಅಪಾಯಿಂಟ್‌ಮೆಂಟ್ ಕೇಳಿದನಂತೆ. ಕಾಯುತ್ತಿದ್ದವರಲ್ಲಿ ಕೆಲವರು ನಕ್ಕರಂತೆ. ರಿಸೆಪ್ಷನಿಸ್ಟ್ ಒಳಗೆ ಹೋಗಿ ಅತ್ತಳಂತೆ. ಎರಡು ಕುಟುಂಬಗಳು ಬೇರೆ ಸರ್ಜರಿಗೆ ಹೋದವಂತೆ.

‘ರೀ, ಅದು ನೀವಾ?’ ಎಂದಳು ಹೆಂಡತಿ. ನಾನು ಕಾರಿನ ಕೀಲಿ ಹುಡುಕತೊಡಗಿದೆ. ಅವಳು ಮತ್ತೆ ಕೇಳಲಿಲ್ಲ, ಒಂದು ವಾರ ನನ್ನ ಜೊತೆ ಮಾತೂ ಆಡಲಿಲ್ಲ.

ಶನಿವಾರ ಡಾಕ್ಟರಮ್ಮನ ಮನೆಗೆ ಹೋದೆ. ‘ಡಾಕ್ಟರಮ್ಮ, ತಪ್ಪಾಯ್ತು’ ಎಂದೆ.

ಅವರು ಒಗೆದ ಟವೆಲುಗಳನ್ನು ಮಡಚುತ್ತಿದ್ದರು. ‘ಮೊದಲನೇ ಮಾತಿಗೇ ಗುರ್ತು ಹಿಡದೆ. ನನಗ ಸಿಟ್ಟಿಲ್ಲ. ಆದ್ರ ನನ್ನ ಮುಂದ ತಪ್ಪಾಯ್ತು ಅಂದ್ರ ನನಗೊಬ್ಬಾಕಿಗೆ ಕೇಳಸ್ತದ. ನನ್ನ ಪೇಶಂಟ್ ಮಂದಿ ಅರ್ಧ ಕೇಳ್ಯಾರಲ್ಲ, ಉಳದದ್ದು ಅವರಿಗೆ ಯಾರು ಹೇಳಬೇಕು? ಎಲ್ಲಿ ಹೇಳೀದಿ ಅಲ್ಲೇ ಹೇಳು. ಹೇಳಿ ಬಾ, ಚಹಾ ಕುಡಿಯೂಣು.’

ಸೋಮವಾರ ರೇಡಿಯೋದವರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ಬಹಳ ಮರ್ಯಾದೆಯಿಂದ, ಅದು ಹೋದ ವಾರದ ವಿಷಯ, ಇವತ್ತಿನ ವಿಷಯ ಕಸದ ಡಬ್ಬಿಗಳು, ಅದರ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದಳು. ಮರುದಿನ ಇಪ್ಪತ್ತು ನಿಮಿಷ ಕಾದು, ಮೀಟಿಂಗಿದೆ ಎಂದು ಇಟ್ಟುಬಿಟ್ಟೆ. ಕಸದ ಡಬ್ಬಿಯ ಬಗ್ಗೆ ಎಂದು ಸುಳ್ಳು ಹೇಳಿ ಒಳಹೊಕ್ಕು ಇದನ್ನು ಹೇಳಬಹುದಿತ್ತು. ಊರಿನ ಪೇಪರಿಗೆ ಒಂದು ಪತ್ರ ಬರೆಯಬಹುದಿತ್ತು. ಅವರ ಸರ್ಜರಿಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಬಹುದಿತ್ತು. ಆ ರೇಡಿಯೋದವನು ನಾನೇ ಎಂದು ನನ್ನ ಆಫೀಸಿನವರಿಗೆ ತಿಳಿದೀತೆಂಬ ಹೆದರಿಕೆ ನನಗೆ. ಮೂರನೆಯ ಸಲ ಫೋನ್ ಮಾಡಲಿಲ್ಲ.

ತಿಂಗಳಾದ ಮೇಲೆ ಅವರ ಮನೆಗೆ ಹೋದಾಗ, ‘ಪ್ರಯತ್ನ ಮಾಡ್ತಾ ಇದ್ದೀನಿ’ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಚಹಾಕ್ಕೆ ಇಟ್ಟರು. ನಾಚಿಕೆಯಿಲ್ಲದೆ ಕುಡಿದೆ.

ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಮೂರು ವರ್ಷಕ್ಕೆ ಮೇದೋಜೀರಕದ ಕ್ಯಾನ್ಸರ್ ಬಂದು, ರಿಟೈರ್ ಆಗುವ ಮೊದಲೇ ತೀರಿಕೊಂಡರು. ಚಿತಾಗಾರದ ಹಾಲಿನಲ್ಲಿ ಆ ಬೀದಿಯ ಜನವೇ ತುಂಬಿತ್ತು. ಕೋಲೂರಿಕೊಂಡ ಮುದುಕಿಯರು ಗೋಡೆಗೆ ಒರಗಿ ನಿಂತಿದ್ದರು. ‘ನೀನು ಚೆನ್ನಾಗಿ ಮಾತಾಡ್ತೀಯ, ಕನ್ನಡದವರ ಪರವಾಗಿ ಎರಡು ಮಾತು ಹೇಳಪ್ಪ’ ಎಂದು ನಮ್ಮ ಹಿರಿಯರು ನನ್ನನ್ನೇ ಮುಂದೆ ತಳ್ಳಿದರು. ರೇಡಿಯೋ ಕೇಳಿದವರೆಲ್ಲ ಒಂದೇ ಕಡೆ ಸೇರಿದ್ದರು. ಇಷ್ಟು ವರ್ಷ ಸಿಗದ ಮೈಕು ಕೈಯಲ್ಲಿತ್ತು. ನಾನು ಜೀರಿಗೆ ಸಾರಿನ ಬಗ್ಗೆ ಹೇಳಿದೆ, ಅವರ ನಗುವಿನ ಬಗ್ಗೆ ಹೇಳಿದೆ, ಬಂದು ಕೂತೆ.

ಹೊರಗೆ, ಅಂದು ಅತ್ತಿದ್ದ ರಿಸೆಪ್ಷನಿಸ್ಟ್ ನನ್ನ ಕೈ ಹಿಡಿದುಕೊಂಡು, ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆ ಎಂದಳು. ಅವರ ಮನೆಯಲ್ಲಿ ಕೇಳಿರಬೇಕು ಎಂದೆ. ಇರಬಹುದು ಎಂದು ಕಣ್ಣೊರೆಸಿಕೊಂಡಳು.

ಇವತ್ತು ಏನನ್ನೂ ಮುಚ್ಚಿಡದೆ ಪೂರ್ತಿ ಬರೆದಿದ್ದೇನೆ. ಆದರೆ ಬರೆದದ್ದು ಕನ್ನಡದಲ್ಲಿ. ಆ ಬೀದಿಯಲ್ಲಿ ಇದನ್ನು ಓದಬಲ್ಲವರು ಒಬ್ಬರೇ ಇದ್ದರು.