ಕೆಂಗೇರಿಯಿಂದ ವಿಜಯನಗರಕ್ಕೆ, ಜಪಾನ್ ಮಾರ್ಗವಾಗಿ

ಭಾನುವಾರ ಬೆಳಿಗ್ಗೆ ಕೆಂಗೇರಿ ಉಪನಗರದ ನನ್ನ ಮಹಡಿ ಕೋಣೆಗೆ ಬೀಗ ಹಾಕಿ ಹೊರಟಾಗ ತುಂತುರು ಮಳೆ. ಹೋಗಿಬರುತ್ತೇನೆ ಎಂದು ಹೇಳಲು ಯಾರೂ ಇರಲಿಲ್ಲ. ಮುಂದಿನ ವಾರ ಆಡಳಿತ ಸೇವೆಯ ಸಂದರ್ಶನ. ವಯಸ್ಸಿನ ಮಿತಿ ಮುಟ್ಟಿದ್ದರಿಂದ ಇದೇ ನನ್ನ ಕೊನೆಯ ಅವಕಾಶ. ಅದಕ್ಕೆ ಮುಂಚೆ ವಿಜಯನಗರದ ಕೋಚಿಂಗ್ ಸೆಂಟರೊಂದರಲ್ಲಿ ಅಣಕು ಸಂದರ್ಶನವಿತ್ತು. ಹೋಗಿಬರಲು ಅರ್ಧ ದಿನ ಸಾಕು, ಆದರೂ ಫೈಲನ್ನು ಎರಡೆರಡು ಸಲ ತೆರೆದು ನೋಡಿಕೊಂಡೆ.

ಅರ್ಜಿಯಲ್ಲಿ ಹವ್ಯಾಸ ಬರೆಯುವಾಗ ನಮ್ಮಂಥವರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ರಂಗೋಲಿ ಎಂದರೆ ಎಲ್ಲಿ ಹಗುರಾಗಿಬಿಡುತ್ತೇನೋ ಎಂದು ‘ಬೇರೆ ದೇಶಗಳು ಅಧಿಕಾರಿಗಳನ್ನು ಆರಿಸಿ ತರಬೇತಿ ಕೊಡುವ ಬಗೆಯ ಅಧ್ಯಯನ’ ಎಂದು ಬರೆದಿದ್ದೆ. ಇಂಥ ಹವ್ಯಾಸ ಯಾವ ಮನುಷ್ಯರಿಗಾದರೂ ಇರುತ್ತದೆಯೇ! ಬರೆದ ತಪ್ಪಿಗೆ ಓದಬೇಕಾಯಿತು.

ಮೆಟ್ರೋದಲ್ಲಿ ಸೀರೆಯ ನೆರಿಗೆ ಹಾಳಾಗದಿರಲೆಂದು ನಿಂತೇ ಹೋದೆ, ಓದಿದ್ದನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತ. ಜ್ಞಾನಭಾರತಿ ಬರುವಷ್ಟರಲ್ಲಿ ಫ್ರಾನ್ಸ್ ಮುಗಿಯಿತು: ಅಲ್ಲಿ ಆಯ್ಕೆಯಾದವರನ್ನು ಜಿಲ್ಲಾ ಕಚೇರಿ, ರಾಯಭಾರ ಕಚೇರಿಗಳಿಗೆ ಕಳಿಸಿ ಕೆಲಸ ಕಲಿಸುತ್ತಾರೆ. ನಾಯಂಡಹಳ್ಳಿಯಲ್ಲಿ ಜಪಾನ್: ಪರೀಕ್ಷೆ ಪಾಸಾದವರು ಒಂದೊಂದೇ ಸಚಿವಾಲಯದ ಬಾಗಿಲಿಗೆ ಹೋಗಿ ಮಾತನಾಡಬೇಕು. ದೀಪಾಂಜಲಿ ನಗರಕ್ಕೆ ಸಿಂಗಾಪುರ: ಓದುವ ವಯಸ್ಸಿನಲ್ಲೇ ಮಕ್ಕಳನ್ನು ಆರಿಸಿ, ಖರ್ಚು ಕೊಟ್ಟು ಓದಿಸಿ, ಆಮೇಲೆ ಸೇವೆಗೆ ಕಟ್ಟಿಹಾಕುತ್ತಾರೆ. ಬ್ರಿಟನ್ನಿನಲ್ಲಿ ಸೇರಲು ವಯಸ್ಸಿನ ಮೇಲ್ಮಿತಿಯೇ ಇಲ್ಲ. ಅದು ನೆನಪಾದಾಗಲೆಲ್ಲ ನನಗೆ ಹೊಟ್ಟೆಯುರಿ.

ನನ್ನ ತುಟಿ ಅಲ್ಲಾಡುವುದನ್ನೇ ನೋಡುತ್ತಿದ್ದ ಅಜ್ಜಿಯೊಬ್ಬರು, “ಮಂತ್ರಾನಾಮ್ಮಾ? ಹೇಳ್ಕೊ, ಒಳ್ಳೇದಾಗ್ಲಿ” ಎಂದರು. ಅವತ್ತು ನನ್ನೊಂದಿಗೆ ಮಾತಾಡಿದ ಮೊದಲ ಜೀವ ಅವರೇ.

ವಿಜಯನಗರದ ದರ್ಶಿನಿಯಲ್ಲಿ ತಟ್ಟೆ ಇಡ್ಲಿ ಬಿಸಿಯಾಗಿತ್ತು, ಅರ್ಧ ಹಾಗೇ ಬಿಟ್ಟೆ. ಸುತ್ತ ನನ್ನಂತೆಯೇ ಪರೀಕ್ಷೆಗೆ ಓದುವ ಮಂದಿಯೇ, ಗುಂಪುಗುಂಪಾಗಿ ಬೈಟು ಕಾಫಿ ಹಂಚಿಕೊಂಡು ನಗುತ್ತಿದ್ದರು. ಬೈಟುವಿಗೆ ಇಬ್ಬರು ಬೇಕು. ನಾನು ಪೂರ್ತಿ ಕಾಫಿ ತೆಗೆದುಕೊಂಡೆ.

ಅಣಕು ಮಂಡಳಿಯಲ್ಲಿ ಮೂವರಿದ್ದರು. ಮಧ್ಯದಲ್ಲಿ ನಿವೃತ್ತ ಅಧಿಕಾರಿ. ಹೇಳುವವರೆಗೆ ಕೂರಬಾರದು, ಕೂರುವ ಮುಂಚೆ ಥ್ಯಾಂಕ್ಯೂ ಹೇಳಬೇಕು, ಬೆನ್ನು ಕುರ್ಚಿಗೆ ಒರಗಬಾರದು. ಎಲ್ಲ ಸರಿಯಾಗೇ ಮಾಡಿದೆ. ನಾಲ್ಕು ದೇಶಗಳನ್ನೂ ಅರೆದು ಕುಡಿದವಳಂತೆ ಒಪ್ಪಿಸಿದೆ. ಪಕ್ಕದವರು ತಲೆದೂಗಿದರು.

“ತುಂಬಾ ಚೆನ್ನಾಗ್ ಹೇಳಿದ್ರಿ,” ಎಂದರು ಅಧಿಕಾರಿ. “ಈಗ ನಿಮ್ಮ ಬೀದೀಲಿರೋ ಮೂರು ಜನರ ಹೆಸರು ಹೇಳಿ.”

ಬಾಯಿ ತೆರೆದೆ. “ಓನರ್ ಹೆಸರು ಗೊತ್ತು ಸಾರ್. ಆದ್ರೆ ಅವರು ಮೈಸೂರಲ್ಲಿದಾರೆ.”

“ಎದುರುಮನೇಲಿ?”

ವರ್ಷಗಳಿಂದ ಅಲ್ಲೇ ಇದ್ದೇನೆ. ಬಾಗಿಲು ಹಾಕಿ ಓದಿದ್ದೇ ಓದಿದ್ದು. “ಗೊತ್ತಿಲ್ಲ ಸಾರ್” ಎಂದೆ.

“ಮುಂದಿನ್ ವಾರ ಇದನ್ನೇ ಕೇಳಿದ್ರೆ ಏನಮ್ಮಾ ಮಾಡ್ತೀರಾ?” ಎಂದರು, ಮೆತ್ತಗೆ. ಬೈದಿದ್ದರೆ ವಾಸಿಯಿತ್ತು.

ಹಿಂತಿರುಗುವಾಗ ಯಾವ ದೇಶವೂ ನೆನಪಾಗಲಿಲ್ಲ. ಕೆಂಗೇರಿಯಲ್ಲಿ ಇಳಿದಾಗ ಮಳೆ ಜೋರಾಗಿತ್ತು. ನಮ್ಮ ಬೀದಿಗೆ ಬಂದವಳು ನನ್ನ ಮೆಟ್ಟಿಲು ಹತ್ತದೆ ಎದುರುಮನೆಯ ಗೇಟು ತಟ್ಟಿದೆ. ವಯಸ್ಸಾದ ಹೆಂಗಸೊಬ್ಬರು ಹೊರಬಂದರು.

“ಆಂಟಿ, ನಿಮ್ಮ ಹೆಸರೇನು?”

ಅವರು ನನ್ನ ಗಂಜಿ ಹಾಕಿದ ಸೀರೆ, ಕೈಯ ಫೈಲು ಎಲ್ಲವನ್ನೂ ನೋಡಿದರು. “ಗೌರ್ಮೆಂಟಿಂದ ಬಂದಿದೀರಾ ಮೇಡಂ? ಗಣತಿಗಾ?”

ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಸರ್ಕಾರದವಳು ಎಂದುಕೊಂಡಿದ್ದರು. ಒಂದು ಗಳಿಗೆ ಹಿಗ್ಗಿದೆ, ಆಮೇಲೆ ಅಳು ಬಂತು.

“ಇಲ್ಲ ಆಂಟಿ. ಎದುರಿನ ಮಹಡಿ ಮೇಲೆ ಇರೋಳು.”

“ಅಯ್ಯೋ, ಅಲ್ಲಿ ಜನ ಇದಾರಾ? ಖಾಲಿ ಅಂದ್ಕೊಂಡಿದ್ವಲ್ಲಮ್ಮಾ!” ಎನ್ನುತ್ತ ಗೇಟು ತೆರೆದರು. “ನಾನು ಜಯಮ್ಮ. ಮಳೇಲಿ ಯಾಕ್ ನಿಂತಿದೀಯ, ಬಾ, ಕೂತ್ಕೊ.”

“ಥ್ಯಾಂಕ್ಯೂ ಮೇಡಂ” ಎಂದು, ಒರಗದೆ, ನೆಟ್ಟಗೆ ಕೂತೆ.

ಅವರು ಒರೆಸಿಕೊಳ್ಳಲು ಟವಲು ಕೊಟ್ಟು, “ನಿನ್ ಹೆಸರೇನಮ್ಮಾ?” ಎಂದರು.

ಈ ಬೀದಿಯಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ. ಇದಕ್ಕೆ ಉತ್ತರ ಗೊತ್ತಿತ್ತು; ಫೈಲು ಕೆಳಗಿಟ್ಟು, ಕುರ್ಚಿಗೆ ಒರಗಿ ಹೇಳಿದೆ.