ಕಾಲನ್ನು ಚೀಲದಲ್ಲಿಟ್ಟುಕೊಂಡು ಗೌರಿಬಿದನೂರಿಗೆ

ಶಿಡ್ಲಘಟ್ಟದಿಂದ ಹೊರಟ ಬೆಳಗಿನ ಬಸ್ಸಿನಲ್ಲಿ ನನ್ನ ತಮ್ಮ ನಾಗರಾಜ ಕಿಟಕಿಯ ಪಕ್ಕ ಕೂತಿದ್ದ. ಅವನ ಪಕ್ಕ ನಾನು. ನನ್ನ ತೊಡೆಯ ಮೇಲೆ ಒಂದು ಕೈಚೀಲ, ಅದರೊಳಗೆ ಅವನ ಕಾಲು. ಮೊಣಕಾಲಿನಿಂದ ಕೆಳಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕಾಲು, ರಬ್ಬರಿನ ಪಾದ. ಪಾದಕ್ಕೆ ತೊಡಿಸಿದ್ದ ಕಪ್ಪು ಶೂ ಚೀಲದಿಂದ ಹೊರಗೆ ಚಾಚಿಕೊಂಡಿತ್ತು. ಎಷ್ಟು ಒಳಗೆ ತಳ್ಳಿದರೂ ಬಸ್ಸು ಕುಲುಕಿದಾಗ ಮತ್ತೆ ಮೇಲೆ ಬರುತ್ತಿತ್ತು.

ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟರು. ನಾಗರಾಜ ದುಡ್ಡು ಚಾಚುತ್ತ, "ಸಾರ್, ನನ್ನ ಒಂದು ಕಾಲು ನಮ್ಮಕ್ಕನ ಲೆಕ್ಕದಲ್ಲಿ ಫ್ರೀಯಾಗಿ ಬರ್ತಾ ಇದೆ. ಮಿಕ್ಕಿದ್ದಕ್ಕೆ ಟಿಕೆಟ್ ಕೊಡಿ" ಎಂದ.

ಕಂಡಕ್ಟರ್ ಶೂ ನೋಡಿದರು. "ಲಗೇಜ್ ಹಾಕಲಿಲ್ಲ ಅಂತ ಸಂತೋಷ ಪಡಪ್ಪ."

ಸುತ್ತಲಿದ್ದವರು ನಕ್ಕರು. ನನಗೆ ನಗಲು ಆಗಲಿಲ್ಲ. ಆ ಕಾಲು ಚೀಲ ಸೇರಿದ್ದು ನನ್ನಿಂದ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಲಿತದ್ದೆಲ್ಲ ಹುಳುಮನೆಯಲ್ಲೇ. ಅಲ್ಲಿ ಹೊರಗಿನ ಕೊಳೆ ಒಳಗೆ ಹೋಗಬಾರದು. ಯಾರೇ ಆಗಲಿ, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿಯೇ ಒಳಗೆ ಕಾಲಿಡಬೇಕು. ಮರೆತರೆ ಹುಳುವಿಗೆ ರೋಗ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದದ್ದನ್ನು ಗುರುತಿಸುವುದರಲ್ಲಿ ನಾಗರಾಜನ ಕಣ್ಣು ನಮ್ಮೂರಲ್ಲೇ ಚುರುಕು. ಆ ಹೊತ್ತಿನಲ್ಲಿ ತಟ್ಟೆಯಿಂದ ತಟ್ಟೆಗೆ ಅವನು ಓಡಾಡುವುದನ್ನು ನೋಡುವುದೇ ಚೆಂದ.

ಚಿಂತಾಮಣಿ ರಸ್ತೆಯಲ್ಲಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದಾಗ ಟಿಪ್ಪರ್ ತಗುಲಿ ಅವನ ಕಾಲು ಹೋಯಿತು. ಆಸ್ಪತ್ರೆಯವರು ಹೊಸ ಕಾಲು ಹಾಕಿ, ನಡಿಗೆ ಕಲಿಸಿ ಕಳಿಸಿದರು. ಅವನು ಆ ಕಾಲಿನಲ್ಲಿ ಹುಳುಮನೆಯೊಳಗೆ ಓಡಾಡಿದ ಮೊದಲ ಬೆಳೆಗೇ ಸುಣ್ಣಕಟ್ಟು ರೋಗ ಬಿತ್ತು. ಹುಳುಗಳು ಬೆಳ್ಳಗೆ ಬಿರುಸಾಗಿ, ಸುಣ್ಣದ ಕಡ್ಡಿಯಂತೆ ಸತ್ತವು. ಅದು ಜಡಿಮಳೆಯ ಕಾಲ, ಪಕ್ಕದ ಮನೆಗಳಲ್ಲೂ ಹಾಗೇ ಆಗಿತ್ತು. ಆದರೂ ಮುಂದಿನ ಬೆಳೆಗೆ ಅವನು ಒಳಗೆ ಬರುವಾಗ ನಾನು ಬಾಗಿಲಿಗೆ ಅಡ್ಡ ನಿಂತೆ. "ಆಸ್ಪತ್ರೆಯಿಂದ ಬಂದಿರೋದು ಕಣಪ್ಪ. ಚಪ್ಪಲಿ ಇದ್ದಂಗೆ. ಹೊರಗೇ ಬಿಡು" ಎಂದು ಬಾಗಿಲು ಹಾಕಿಕೊಂಡೆ.

ಅವನು ಕಟ್ಟೆಯ ಮೇಲೆ ಕೂತು ಕಾಲು ಬಿಚ್ಚಿಟ್ಟ. ಬಾಗಿಲು ತಳ್ಳಿ, ಗೋಡೆ ಹಿಡಿದು ಕುಂಟುತ್ತ ಒಳಗೆ ಬಂದ. ಕೆಲವು ದಿನ ಹಾಗೇ ಬಂದ, ಆಮೇಲೆ ಬರುವುದು ಬಿಟ್ಟ. ಜಗುಲಿಯ ಮೇಲೆ ಕೂತು ಸೊಪ್ಪು ಕತ್ತರಿಸಿಕೊಡುವುದಷ್ಟೇ ಅವನ ಪಾಲಿಗೆ ಉಳಿಯಿತು. ಕಾಲು ಗೋಡೆಯ ಮೊಳೆಗೆ ಹೋಯಿತು. ಮೊನ್ನೆ ಧೂಳು ಒರೆಸೋಣವೆಂದು ಇಳಿಸಿದರೆ ಉಳಿದ ಕಾಲನ್ನು ಕೂರಿಸುವ ಅದರ ಬಟ್ಟಲಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಕೆರೆದು ತೆಗೆದೆ. ಗೌರಿಬಿದನೂರಿನಲ್ಲಿ ಕೃತಕ ಕಾಲು ನೋಡಿ ಸರಿಮಾಡಿಕೊಡುವ ಶಿಬಿರವಿದೆ ಎಂದು ಆಶಾ ಕಾರ್ಯಕರ್ತೆ ಹೇಳಿದ್ದು ನೆನಪಾಗಿ, ಹೋಗೋಣವೆಂದು ನಾನೇ ಅವನನ್ನು ಹೊರಡಿಸಿದೆ. ಆದರೆ ಬಾಗಿಲಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ಬೆಟ್ಟದ ಕಡೆಯ ಮಂಜು ಇನ್ನೂ ಕರಗಿರಲಿಲ್ಲ. ಹೋಟೆಲಿನಲ್ಲಿ ಅವರೆಕಾಳಿನ ಉಪ್ಪಿಟ್ಟು ತಿಂದು, ಮುಂದಿನ ಬಸ್ಸಿಗೆ ನಡೆದೆವು. ನಾಗರಾಜ ಊರುಗೋಲುಗಳ ಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೋದ. ಅಷ್ಟು ಚಳಿಯಲ್ಲೂ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಗೌರಿಬಿದನೂರಿನ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕೂತರು. ಮಂಚೇನಹಳ್ಳಿ ಬರುವವರೆಗೂ ಶೂವನ್ನೇ ನೋಡುತ್ತಿದ್ದು, ಕೊನೆಗೆ ತೆಲುಗಿನಲ್ಲಿ, "ಏಮ್ಮಾ, ಎವರಿದಿ ಕಾಲು?" ಎಂದು ಕೇಳಿದರು. ತಮ್ಮನದೆಂದೆ. ಹಾಗಾದರೆ ಅವನೇಕೆ ಹಾಕಿಕೊಂಡಿಲ್ಲ ಎಂದರು. ಕಚ್ಚುತ್ತದೆ, ಅದಕ್ಕೇ ಎಂದು ಹೇಳಿಬಿಟ್ಟೆ. ನಾಗರಾಜ ಕಿಟಕಿಯ ಕಡೆಗೆ ಮುಖ ಮಾಡಿಕೊಂಡಿದ್ದ. ಕೇಳಿಸಿಲ್ಲವೆಂದುಕೊಂಡೆ.

ಶಿಬಿರ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿತ್ತು. ಬಾಳೆಲೆ ಹಾಕುವ ಉದ್ದನೆಯ ಮೇಜುಗಳ ಮೇಲೆ ಕಾಲುಗಳು, ಬೆಲ್ಟುಗಳು, ಸುತ್ತಿಗೆ, ಅರ. ನಮ್ಮ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು. ಕಾಲು ನೋಡುವ ಯುವಕ ಬಟ್ಟಲಿನೊಳಗೆ ಬೆರಳಾಡಿಸಿ, ಉಗುರಿಗೆ ಅಂಟಿದ ಮಣ್ಣನ್ನು ನಮಗೆ ತೋರಿಸಿ, ಯಾರು ಬಾಡಿಗೆಗಿದ್ದರು ಎಂದು ಕೇಳಿದ. ನಾಗರಾಜ ಕಣಜ ಎಂದ. ಯುವಕನ ನಗು ನಿಂತಿತು. ಇಷ್ಟು ಕಾಲ ಯಾಕೆ ಹಾಕಿಕೊಳ್ಳಲಿಲ್ಲ, ಮೊಣಕಾಲು ಬಿಗಿದುಕೊಂಡಿದೆಯಲ್ಲ ಎಂದು ಗದರಿದ.

"ಕಚ್ಚುತ್ತೆ ಸಾರ್" ಎಂದ ನಾಗರಾಜ.

ನಾನು ಬಸ್ಸಿನಲ್ಲಿ ಆಡಿದ ಸುಳ್ಳನ್ನೇ ಅವನು ಎತ್ತಿಕೊಂಡಿದ್ದ. ನನ್ನ ಕಡೆ ನೋಡಲೂ ಇಲ್ಲ. ಎಲ್ಲಿ ಕಚ್ಚುತ್ತದೆ ಎಂದು ಯುವಕ ಕೇಳಿದ್ದಕ್ಕೆ ಸುಮ್ಮನೆ ಒಂದು ಜಾಗ ಮುಟ್ಟಿ ತೋರಿಸಿದ. ಯುವಕ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ. ಬಿಸಿ ಮಾಡಿ ಅಗಲಿಸುತ್ತೇನೆ, ಆಮೇಲೆ ಸಡಿಲವಾಯಿತು ಎನ್ನಬೇಡಿ, ಹೊಸದೇ ಮಾಡಿಸಬೇಕಾಗುತ್ತದೆ ಎಂದು ಹೇಳಿ ಬಿಸಿಗಾಳಿಯ ಯಂತ್ರ ಕೈಗೆತ್ತಿಕೊಂಡ.

ಸರಿಯಾಗಿದ್ದ ಕಾಲು ನನ್ನ ಸುಳ್ಳಿನಿಂದ ಕೆಡುವುದರಲ್ಲಿತ್ತು. ನಾನು ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಕಚ್ಚಲ್ಲ ಸಾರ್. ನಾನೇ ಬಿಚ್ಚಿಸಿದ್ದು. ಹುಳುಮನೆಗೆ ತರಬೇಡ ಅಂದೆ. ಬೆಳೆ ಹೋಗಿದ್ದು ಇದರಿಂದ ಅಂದ್ಕೊಂಡಿದ್ದೆ. ಇದರಿಂದ ಆಗಿರಲ್ಲ ಅಂತ ಒಳಗೆ ಗೊತ್ತಿತ್ತು. ಯಾರ ಮೇಲಾದ್ರೂ ಹಾಕಬೇಕಿತ್ತು, ಇವನ ಮೇಲೆ ಹಾಕ್ದೆ."

ಯುವಕ ಯಂತ್ರವನ್ನು ಕೆಳಗಿಟ್ಟು, ಯಾರನ್ನು ನಂಬಲಿ ಎಂಬಂತೆ ನಾಗರಾಜನನ್ನು ನೋಡಿದ.

"ಅಕ್ಕ ಹೇಳಿದ್ದೇ ನಿಜ" ಎಂದ ನಾಗರಾಜ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: "ಅವತ್ತೇ ಶೂ ಬಿಚ್ಚಿ ನೀರಲ್ಲಿ ಅದ್ದಿ ಬರ್ತೀನಿ ಅನ್ನಬೇಕು ಅಂತಿದ್ದೆ ಕಣಕ್ಕ. ನೀನು ಆಗಲೇ ಬಾಗಿಲು ಹಾಕ್ಕೊಂಡಿದ್ದೆ."

ಹಿಡಿದಿದ್ದ ಕಾಲನ್ನು ನಾನು ಯುವಕನ ಕೈಗೆ ಕೊಟ್ಟೆ.

ಯುವಕ ಪೆನ್ಸಿಲ್ ಗುರುತನ್ನು ಒರೆಸಿ, ಹಳೆಯ ಬೆಲ್ಟು ಬದಲಾಯಿಸಿದ. ನಾನು ಕೇಳಿದ್ದಕ್ಕೆ, ರಬ್ಬರಿನ ಪಾದವನ್ನು ಬ್ಲೀಚಿಂಗ್ ನೀರಿನಲ್ಲೂ ತೊಳೆಯಬಹುದು, ಆಮೇಲೆ ಒಳ್ಳೆಯ ನೀರಿನಲ್ಲಿ ಒರೆಸಿ ಒಣಗಿಸಿ, ಮೊದಮೊದಲು ಸ್ವಲ್ಪ ಹೊತ್ತಷ್ಟೇ ಹಾಕಿಕೊಳ್ಳಿ ಎಂದ. ನಾಗರಾಜ ಎರಡು ಕಂಬಿಗಳ ನಡುವೆ ನಡೆದು ನೋಡಿದ. ಹೋಗುವಾಗ ಕಂಬಿ ಹಿಡಿದಿದ್ದ, ಬರುವಾಗ ಅದಕ್ಕೆ ಬೆರಳು ಸೋಕಿಸಿಕೊಂಡು ಬಂದ.

ಶೂ ಹಾಕಿಕೊಂಡು ಬಸ್ ನಿಲ್ದಾಣದ ತನಕ ನಡೆದೇ ಬರುತ್ತೇನೆಂದ. ದಾರಿಯಲ್ಲಿ ಎರಡು ಸಲ ಅಂಗಡಿಗಳ ಮುಂದೆ ನಿಂತು ಸುಧಾರಿಸಿಕೊಂಡ. ಕೈ ಹಿಡಿಯಲು ಹೋದೆ. "ಬಿಡಕ್ಕ, ನೀನು ಊರುಗೋಲು ಹಿಡ್ಕೋ" ಎಂದ. ನಾವು ನೋಡನೋಡುತ್ತಿದ್ದಂತೆ ಬಸ್ಸು ಹೊರಟುಹೋಯಿತು. ಇನ್ನೊಂದಕ್ಕೆ ಕಾದೆವು. ಚೀಲದಲ್ಲಿದ್ದ ಚಿತ್ರಾನ್ನ ಆಗ ನೆನಪಾಯಿತು. ಇಬ್ಬರೂ ಬೆಂಚಿನ ಮೇಲೆ ಕೂತು ತಿಂದೆವು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಅವನ ಕಾಲು ನೋಯತೊಡಗಿ, ಶಿಡ್ಲಘಟ್ಟದವರೆಗೆ ಬಿಚ್ಚಿಟ್ಟುಕೊಂಡು ಬಂದ. ಈ ಸಲ ಕಾಲು ಅವನ ತೊಡೆಯ ಮೇಲೇ ಇತ್ತು.

ಊರು ಮುಟ್ಟಿದಾಗ ಸಂಜೆ. ಮರುದಿನ ಹೊಸ ಹುಳು ಬರುವುದಿತ್ತು. ಹುಳುಮನೆ ತೊಳೆದು, ತಟ್ಟೆ ಒಣಗಿಸಿ ಇಟ್ಟಿದ್ದೆ. ನಾನು ಬಾಗಿಲಲ್ಲಿ ನೀರಿನ ಬೋಗುಣಿ ಇಟ್ಟು ಬ್ಲೀಚಿಂಗ್ ಪುಡಿ ಕದಡಿದೆ. ನಾಗರಾಜ ಕಟ್ಟೆಯ ಮೇಲೆ ಕೂತು ಕಾಲು ಹಾಕಿಕೊಂಡ. ಎರಡೂ ಶೂ ಬಿಚ್ಚಿ ಪಕ್ಕಕ್ಕಿಟ್ಟು, ಎರಡೂ ಪಾದ ನೀರಿಗಿಳಿಸಿದ.

"ತಣ್ಣಗಿದೆಯೇನೋ?" ಎಂದೆ.

"ಒಂದಕ್ಕೆ ತಣ್ಣಗಿದೆ. ಇನ್ನೊಂದು ಏನೂ ಹೇಳ್ತಾ ಇಲ್ಲ."

ಎದ್ದು, ಹೊಸ್ತಿಲು ದಾಟಿ, ಖಾಲಿ ತಟ್ಟೆಗಳ ಸಾಲಿನ ನಡುವೆ ನಿಧಾನವಾಗಿ ನಡೆದ. ಎಲ್ಲಿ ಜಾರುತ್ತಾನೋ ಎಂದು ಅವನ ಪಾದವನ್ನೇ ನೋಡುತ್ತ ನಾನೂ ಹಿಂದೆ ಹೆಜ್ಜೆ ಇಟ್ಟೆ. ಅವನು ತಿರುಗಿ ನನ್ನ ಕಾಲುಗಳನ್ನು ನೋಡಿದ.

"ಅಕ್ಕ, ಚಪ್ಪಲಿ."

ಗೌರಿಬಿದನೂರಿನ ಧೂಳು ಹೊತ್ತ ಚಪ್ಪಲಿ ಮೆಟ್ಟಿಕೊಂಡೇ ನಾನು ಹುಳುಮನೆಯೊಳಗೆ ನಿಂತಿದ್ದೆ. ಹೊರಗೆ ಹೋದೆ. ಚಪ್ಪಲಿ ಬಿಚ್ಚಿ ಅವನ ಶೂಗಳ ಪಕ್ಕ ಇಟ್ಟೆ. ನಾನು ಬರುವ ತನಕ ಅವನು ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದ.